ಶ್ರೀರಂಗಪಟ್ಟಣಕ್ಕೆ ಇನ್ನೊಂದು ಪಾರ್ಕ್ ಬೇಡ, ದ್ವೀಪವೇ ಪಾರ್ಕ್ ಆಗಲಿ

ಮಾನ್ಯ ಸಂಪಾದಕರೇ,

ನದಿ ದಡದಲ್ಲಿ ಪಾರ್ಕ್ ಅಂದ ಕೂಡಲೇ ನಮ್ಮವರಿಗೆ ಹೊಳೆಯುವುದು ಒಂದೇ. ಬೇಲಿ ಹಾಕು, ಟೈಲ್ಸ್ ಹಾಸು, ಕಾರಂಜಿ ಇಡು, ಸೆಲ್ಫಿಗೆ ಊರಿನ ಹೆಸರು ದೊಡ್ಡ ಅಕ್ಷರದಲ್ಲಿ ನಿಲ್ಲಿಸು. ಶ್ರೀರಂಗಪಟ್ಟಣಕ್ಕೆ ದಯವಿಟ್ಟು ಇದು ಬೇಡ.

ಕಾವೇರಿ ಎರಡೂ ಕಡೆಯಿಂದ ಬಳಸಿರುವ ಈ ಊರಿನಲ್ಲಿ ಪಾರ್ಕಿಗೆ ಬೇಕಾದದ್ದೆಲ್ಲ ಆಗಲೇ ಇದೆ ಅಲ್ವಾ? 1784ರ ದರಿಯಾ ದೌಲತ್ ಅರಮನೆ ಮತ್ತು ಅದರ ತೋಟ, ಟಿಪ್ಪು ಸಮಾಧಿಯಿರುವ ಗುಂಬಜ್ ಸುತ್ತಲಿನ ಹಸಿರು, ಕೋಟೆ, ಕಂದಕ, ಸ್ನಾನಘಟ್ಟ, ಸಂಗಮ, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ 1804ರಲ್ಲಿ ಎದ್ದ ಕಲ್ಲುಕಂಬದ ವೆಲ್ಲೆಸ್ಲಿ ಸೇತುವೆ. ಇವನ್ನೆಲ್ಲ ಜೋಡಿಸುವ ಒಂದು ನೆರಳಿನ ಕಾಲುದಾರಿ ಮಾತ್ರ ಇಲ್ಲ. ಇಡೀ ದ್ವೀಪ ನನ್ನ ಹೊಣೆ ಅನ್ನುವವರೂ ಇಲ್ಲ. ಸ್ಮಾರಕ ಪುರಾತತ್ವ ಇಲಾಖೆಯದ್ದು, ಪೂಜೆ ಮತ್ತು ಹುಂಡಿ ಮುಜರಾಯಿಯದ್ದು, ಕಸ ಪುರಸಭೆಯದ್ದು, ಹೊಳೆಯಲ್ಲಿ ಸ್ವಲ್ಪ ಮೇಲಿರುವ ರಂಗನತಿಟ್ಟು ಪಕ್ಷಿಧಾಮ ಅರಣ್ಯ ಇಲಾಖೆಯದ್ದು. ನಡುವೆ ಬಿದ್ದಿರುವ ಹೊಳೆ ದಂಡೆ ಯಾರದ್ದೂ ಅಲ್ಲ. ಹಾಗಾಗಿಯೇ ಅಸ್ಥಿ ಬಿಡಲು ಬಂದವರು ಹಳೇ ಬಟ್ಟೆಯನ್ನೂ ಅಲ್ಲೇ ಬಿಟ್ಟು ಹೋಗುತ್ತಾರೆ, ಕೇಳುವವರಿಲ್ಲ.

ಫಿನ್ಲೆಂಡಿನಲ್ಲಿ 'ರಾಷ್ಟ್ರೀಯ ನಗರ ಉದ್ಯಾನ' ಅಂತ ಒಂದು ವ್ಯವಸ್ಥೆ ಇದೆ. 2010ರಲ್ಲಿ ಈ ಮಾನ್ಯತೆ ಪಡೆದ ಪೊರ್ವೊ ಕೂಡ ನದಿ ದಡದ ಹಳೇ ಊರೇ. ಅಲ್ಲಿ ನೀರಿನ ಅಂಚಿನ ಕೆಂಪು ಮರದ ಉಗ್ರಾಣಗಳು, ಹಳೇ ಪೇಟೆ, ನದಿ ಕಣಿವೆಯ ಹಸಿರು ಎಲ್ಲ ಸೇರಿ ಒಂದೇ ಉದ್ಯಾನ. ನನಗೆ ಇದರಲ್ಲಿ ಹಿಡಿಸಿದ್ದು ಏನೆಂದರೆ, ಸರ್ಕಾರ ಮೇಲಿನಿಂದ ಹೇರುವುದಿಲ್ಲ, ಊರಿನ ಆಡಳಿತವೇ ತಮಗೆ ಬೇಕು ಅಂತ ಅರ್ಜಿ ಹಾಕಬೇಕು, ಪರಿಸರ ಸಚಿವಾಲಯ ಒಪ್ಪಬೇಕು, ಆಮೇಲೆ ಎಲ್ಲಿ ಏನು ಮಾಡಬಹುದು ಅಂತ ಒಂದೇ ಯೋಜನೆ ತಯಾರಾಗಬೇಕು.

ನಮ್ಮಲ್ಲಿ ನಿಯಮಕ್ಕೇನೂ ಬರವಿಲ್ಲ. ಪುರಾತನ ಸ್ಮಾರಕಗಳ ಕಾಯ್ದೆಗೆ 2010ರ ತಿದ್ದುಪಡಿ ಆದಮೇಲೆ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು. ಕೋಟೆಯೊಳಗೆ ಮನೆ ಇರುವವರಿಗೆ ಸೋರುವ ಸೂರು ರಿಪೇರಿ ಮಾಡಿಸುವುದೂ ತಲೆನೋವು. ಅವರ ಪಾಲಿಗೆ ಪರಂಪರೆ ಅಂದರೆ ನೋಟಿಸು. ಅವರನ್ನು ಕೂರಿಸಿ ಮಾತಾಡದೆ ಯಾವ ಪಾರ್ಕ್ ಮಾಡಿದರೂ ಸುಮ್ನೆ ದುಡ್ಡು ದಂಡ. ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಈ ದ್ವೀಪದ ಸ್ಮಾರಕಗಳು ಸೇರಿದ್ದು 2014ರಲ್ಲಿ. ಪಟ್ಟಿಯಲ್ಲಿ ಹೆಸರಿದ್ದರೆ ದಂಡೆಯ ಬಟ್ಟೆ ರಾಶಿ ತಾನಾಗಿ ಕರಗುತ್ತದೆಯೇ?

ಇನ್ನು ನೀರಿನ ವಿಷಯ. ಕೆಆರ್‌ಎಸ್‌ನಿಂದ ಲಕ್ಷ ಕ್ಯೂಸೆಕ್ ದಾಟಿ ನೀರು ಬಿಟ್ಟ ವರ್ಷ ಸ್ನಾನಘಟ್ಟಗಳು ಮುಳುಗುತ್ತವೆ. ಕಲ್ಲಿನ ಮೆಟ್ಟಿಲಿಗೆ ಅದು ಹೊಸದಲ್ಲ, ನೀರಿಳಿದ ಮೇಲೆ ತೊಳೆದರಾಯಿತು. ದಡದಲ್ಲಿ ಕಾಂಕ್ರೀಟ್ ಸುರಿದು ಲೈಟ್ ಕಂಬ ನೆಟ್ಟರೆ ಪ್ರತಿ ಪ್ರವಾಹಕ್ಕೂ ಹೊಸ ಟೆಂಡರ್ (ಕೆಲವರಿಗೆ ಅದೇ ಬೇಕಿರಬಹುದು, ಬಿಡಿ). ಹೊಳೆಮತ್ತಿ, ಹೊಂಗೆ, ನೇರಳೆ ನೆಟ್ಟರೆ ಬೇರು ಮಣ್ಣು ಹಿಡಿದುಕೊಳ್ಳುತ್ತದೆ, ನೆರಳು ಬಿಟ್ಟಿ.

2017ರಲ್ಲಿ ರೈಲಿನ ಜೋಡಿ ಹಳಿಗಾಗಿ ಟಿಪ್ಪು ಕಾಲದ ಶಸ್ತ್ರಾಗಾರವನ್ನೇ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಅಷ್ಟು ಮಾಡಬಲ್ಲವರಿಗೆ ದರಿಯಾ ದೌಲತ್‌ನಿಂದ ಗುಂಬಜ್ ದಾಟಿ ಸಂಗಮದವರೆಗೆ ಒಂದು ಕಾಲುದಾರಿ, ಎರಡು ಸಾಲು ಮರ ಜಾಸ್ತಿ ಆಗುತ್ತದೆಯೇ? ಪುರಸಭೆ ಮೊದಲು ಈ ಎಲ್ಲ ಇಲಾಖೆಯವರನ್ನೂ ಕೋಟೆಯೊಳಗಿನ ನಿವಾಸಿಗಳನ್ನೂ ಒಂದೇ ಸಭೆಗೆ ಕರೆಯಲಿ. ಅಲ್ಲಿಯವರೆಗೆ ಕಾರಂಜಿಯ ಪ್ರಸ್ತಾವ ಯಾರೇ ತಂದರೂ ತಡೆಹಿಡಿಯಲಿ.

ಇಂತಿ,
ಒಬ್ಬ ಓದುಗ