ಟೊಮೆಟೊ ಮಂಡಿಯ ಮಕ್ಕಳಿಗೂ ವಿದೇಶಿ ಭಾಷೆ ಕಲಿಸಿ

ಮಾನ್ಯರೇ,

ಕೋಲಾರದ ಎಪಿಎಂಸಿ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವವರು ರೈತರೊಡನೆ ಕನ್ನಡ ಮತ್ತು ತೆಲುಗು, ತಮಿಳುನಾಡಿನ ವ್ಯಾಪಾರಿಗಳೊಡನೆ ತಮಿಳು, ಉತ್ತರದವರೊಡನೆ ಹಿಂದಿ ಆಡುತ್ತಾರೆ. ಇದನ್ನು ವಿದ್ಯೆಯೆಂದು ಯಾರೂ ಲೆಕ್ಕಕ್ಕಿಡುವುದಿಲ್ಲ. ಆದರೆ ಭಾರತೀಯ ವಿದೇಶಾಂಗ ಸೇವೆಗೆ ಆಯ್ಕೆಯಾದವರು ಒಂದು ವಿದೇಶಿ ಭಾಷೆಯನ್ನು ಕಡ್ಡಾಯವಾಗಿ ಕಲಿಯಲೇಬೇಕು. ಏಕೆಂದರೆ ದುಭಾಷಿ ಎಷ್ಟೇ ಚತುರರಿರಲಿ, ಎದುರಿನವರು ಪಕ್ಕದವರಿಗೆ ಗೊಣಗಿದ್ದು ಮಾತುಕತೆಯ ಮೇಜಿಗೆ ಬರುವುದಿಲ್ಲ. ತೆಲುಗು ಮನೆಮಾತಿನ ಪ್ರಧಾನಿ ಪಿ.ವಿ. ನರಸಿಂಹ ರಾವ್ ಸ್ಪ್ಯಾನಿಷ್ ಕೂಡ ಕಲಿತಿದ್ದರು.

ಮನೆಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಆಡಿಕೊಂಡೇ ಬೆಳೆಯುವ ನಮ್ಮ ಗಡಿ ಜಿಲ್ಲೆಯ ಮಕ್ಕಳಿಗೆ ಇನ್ನೊಂದು ಹೊರೆಯಾಗದು. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಫ್ರೆಂಚ್, ಅರಬ್ಬಿ, ಜಪಾನಿ ಭಾಷೆಯ ಸಂಜೆ ತರಗತಿಗಳನ್ನು ತೆರೆಯಲಿ. ನಮ್ಮ ಜಿಲ್ಲೆಯ ನರಸಾಪುರದಲ್ಲೇ ಜಪಾನಿ ಕಾರ್ಖಾನೆ ಇರುವಾಗ ರಾಯಭಾರಿಯಾಗುವವರೆಗೂ ಕಾಯಬೇಕಿಲ್ಲ.

— ನಿವೃತ್ತ ಶಿಕ್ಷಕ, ಕೋಲಾರ