ಮೊದಲು ಕಾಲು ಊರು, ಬೈಕಿನ ಮಾತು ಆಮೇಲೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಬೈಕ್ ಅಪಘಾತದಲ್ಲಿ ಪೆಟ್ಟು ತಿಂದ ಬಲಗೈಗೆ ಇನ್ನೂ ಪಟ್ಟಿ ಇರುವಾಗ ಎಡಗೈಯಲ್ಲಿ ಎರಡು ಪುಟ ಬರೆದಿದ್ದೀಯೆ ಎಂದರೆ ಈ ಪ್ರಶ್ನೆ ನಿನ್ನನ್ನು ಎಷ್ಟು ಕಾಡುತ್ತಿರಬೇಕು! ಮನೆಯವರೆಲ್ಲ ಬೈಕ್ ಮಾರಿಬಿಡು ಎನ್ನುತ್ತಿದ್ದಾರೆ. ತಡ ಮಾಡಿದಷ್ಟೂ ಭಯ ಬೇರೂರುತ್ತದೆ, ಕಾಲು ಊರುವಂತಾದ ದಿನವೇ ಹತ್ತಿಬಿಡು ಎಂದು ಗೆಳೆಯರು ಹುರಿದುಂಬಿಸುತ್ತಿದ್ದಾರೆ. ‘ಓಡಿಸಲೇ, ಬಿಡಲೇ, ನೀವೇ ಹೇಳಿ ದೊಡ್ಡಮ್ಮ’ ಎಂದು ಕೇಳಿದ್ದೀಯೆ.

ಈಗ ಯಾವುದನ್ನೂ ನಿರ್ಧರಿಸಬೇಡ. ಜಾರಿಕೊಳ್ಳುವುದಕ್ಕಾಗಿ ಹೀಗೆ ಹೇಳುತ್ತಿಲ್ಲ ಕಂದ. ನನ್ನ ಉದ್ಯೋಗಜೀವನವೆಲ್ಲ ಮೂಳೆ ವಾರ್ಡಿನಲ್ಲಿ ಫಿಸಿಯೋಥೆರಪಿ ಮಾಡಿಸುವುದರಲ್ಲೇ ಕಳೆಯಿತು. ಬೈಕಿನಿಂದ ಬಿದ್ದು ಬಂದವರನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸುವುದು ನನ್ನ ಪಾಲಿನ ಕೆಲಸ. ‘ಇನ್ನು ಈ ಜನ್ಮದಲ್ಲಿ ಮುಟ್ಟುವುದಿಲ್ಲ’ ಎಂದು ಅತ್ತವರಿದ್ದರು. ‘ಮುಂದಿನ ತಿಂಗಳೇ ಹತ್ತುತ್ತೇನೆ, ನೋಡುತ್ತಿರಿ’ ಎಂದು ಹಲ್ಲು ಕಚ್ಚಿದವರೂ ಇದ್ದರು. ಇಬ್ಬರ ಬಾಯಲ್ಲೂ ಮಾತಾಡುತ್ತಿದ್ದುದು ನೋವು, ನೋವಿನ ಮಾತ್ರೆ ಮತ್ತು ನಿದ್ದೆಗೆಟ್ಟ ರಾತ್ರಿ. ಊರುಗೋಲು ಬಿಟ್ಟು ನಡೆಯತೊಡಗಿದ ಮೇಲೆ ಅದೇ ಜನರ ಮಾತಿನ ಧಾಟಿಯೇ ಬದಲಾಗುತ್ತಿತ್ತು. ಆಣೆ ಇಟ್ಟಿದ್ದ ಎಷ್ಟೋ ಮಂದಿ ಆ ಆಣೆಗೆ ಕಟ್ಟುಬಿದ್ದು ಸುಮ್ಮನೆ ಸಂಕಟಪಡುತ್ತಿದ್ದರು. ನೀನು ಯಾರ ಮುಂದೆಯೂ ಯಾವ ಮಾತನ್ನೂ ಕೊಡಬೇಡ. ಅಮ್ಮ ಕೇಳಿದರೆ, ‘ಕಾಲು ಸರಿಹೋಗುವವರೆಗೆ ಆ ಮಾತು ಬೇಡ ಎಂದು ದೊಡ್ಡಮ್ಮ ಹೇಳಿದ್ದಾರೆ’ ಎಂದು ನನ್ನ ಹೆಸರು ಹೇಳು.

ಈಗ ಕಾಲಿನ ವಿಷಯ. ನಿನ್ನ ಬಲ ಮೊಣಕಾಲಿನ ಕೆಳಗಿನ ದಪ್ಪ ಮೂಳೆ ಮುರಿದಿತ್ತು, ಒಳಗೆ ರಾಡ್ ಹಾಕಿದ್ದಾರೆ. ಮೂಳೆಯ ಪೊಳ್ಳಿನೊಳಗೆ ಲೋಹದ ಸಲಾಕೆ ಇಳಿಸುವ ಈ ಚಿಕಿತ್ಸೆಯನ್ನು 1939ರಲ್ಲಿ ಬಳಕೆಗೆ ತಂದವರು ಗೆರ್ಹಾರ್ಡ್ ಕ್ಯುಂಟ್ಷರ್ ಎಂಬ ಜರ್ಮನ್ ಶಸ್ತ್ರಚಿಕಿತ್ಸಕ. ಅದಕ್ಕೂ ಮೊದಲು ಉದ್ದ ಮೂಳೆ ಮುರಿದುಕೊಂಡವರು ಕಾಲಿಗೆ ತೂಕ ಕಟ್ಟಿಸಿಕೊಂಡೋ ಪ್ಲಾಸ್ಟರ್ ಹಾಕಿಸಿಕೊಂಡೋ ತಿಂಗಳುಗಟ್ಟಲೆ ಮಲಗಿರಬೇಕಿತ್ತು. ನೀನು ಮೊಣಕೈ ಊರುವ ವಾಕರ್ ಹಿಡಿದು ಬೇಗನೆ ಎದ್ದು ನಿಂತೆ. ಸಂತೋಷ. ಆದರೆ ಹೀಗೆ ಬೇಗ ನಿಂತವರಿಗೇ ಕಾಲು ವಾಸಿಯಾಯಿತು ಎಂಬ ಭ್ರಮೆಯೂ ಬೇಗ ಹುಟ್ಟುತ್ತದೆ. ರಾಡ್ ಮೂಳೆಯನ್ನು ಕೂಡಿಸುವುದಿಲ್ಲ, ಅಲುಗದಂತೆ ಹಿಡಿದುಕೊಂಡಿರುತ್ತದೆ, ಅಷ್ಟೆ. ಕೂಡಿಸುವ ಕೆಲಸ ನಿನ್ನ ಮೈಯದು. ಮೊದಲು ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕೆಲವು ವಾರಗಳಲ್ಲಿ ಅಲ್ಲಿ ಮೃದುವಾದ ಬೆಸುಗೆ ಬೆಳೆಯುತ್ತದೆ, ಆಮೇಲೆ ಅದು ಗಟ್ಟಿಯಾಗುತ್ತದೆ. ಈ ಮೂಳೆ ಪೂರ್ತಿ ಕೂಡಲು ಸಾಮಾನ್ಯವಾಗಿ 4ರಿಂದ 6 ತಿಂಗಳು ಬೇಕು. ಗಾಯ ತೆರೆದುಕೊಂಡಿದ್ದರೆ ಇನ್ನೂ ಹೆಚ್ಚು. ಅದು ಮೊದಲಿನ ಆಕಾರಕ್ಕೆ ತಿದ್ದಿಕೊಳ್ಳುವುದಂತೂ ವರ್ಷಗಳ ಕೆಲಸ.

ಭಾರ ಬಿದ್ದ ಕಡೆ ಮೂಳೆ ಬಲಗೊಳ್ಳುತ್ತದೆ, ಬೀಳದ ಕಡೆ ಸೊರಗುತ್ತದೆ. ಜೂಲಿಯಸ್ ವುಲ್ಫ್ ಎಂಬ ವೈದ್ಯರು 1892ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಆದ್ದರಿಂದ ವೈದ್ಯರು ಎಷ್ಟು ಭಾರ ಹಾಕು ಎಂದಿದ್ದಾರೋ ಅಷ್ಟನ್ನು ಧೈರ್ಯವಾಗಿ ಹಾಕು. ಅದಕ್ಕಿಂತ ಹೆಚ್ಚೂ ಬೇಡ, ಹೆದರಿ ಕಡಿಮೆಯೂ ಬೇಡ. ನೀನು ಸಿಗರೇಟ್ ಸೇದುವವಳಲ್ಲ, ಗೊತ್ತು. ನೋಡಲು ಬಂದು ಪಕ್ಕದಲ್ಲಿ ಕುಳಿತು ಸೇದುವ ಗೆಳೆಯರನ್ನು ಮುಲಾಜಿಲ್ಲದೆ ಹೊರಗೆ ಕಳುಹಿಸು. ತಂಬಾಕಿನ ಹೊಗೆ ಮೂಳೆ ಕೂಡುವುದನ್ನು ತಡಮಾಡುತ್ತದೆ.

ಒಂದು ವ್ಯಾಯಾಮವನ್ನು ಮಾತ್ರ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಮೊದಲು ಬಿಡುವುದು ಇದನ್ನೇ. ಕಾಲು ಚಾಚಿ ಕುಳಿತು ಮೊಣಕಾಲಿನ ಕೆಳಗೆ ಟವೆಲ್ಲಿನ ಸುರುಳಿ ಇಡು. ಮೊಣಕಾಲಿನಿಂದ ಆ ಸುರುಳಿಯನ್ನು ಕೆಳಕ್ಕೆ ಒತ್ತಿ ಐದು ಎಣಿಸು, ಬಿಡು. ಒತ್ತುವಾಗ ಮಂಡಿಚಿಪ್ಪಿನ ಮೇಲೆ, ಒಳಬದಿಯಲ್ಲಿ, ಹನಿಯಾಕಾರದ ಒಂದು ಸ್ನಾಯು ಉಬ್ಬುತ್ತದೆ. ಮೊದಲು ಎಡಗಾಲಿನಲ್ಲಿ ನೋಡು, ಆಮೇಲೆ ಬಲಗಾಲಿನಲ್ಲಿ ಹುಡುಕು. ಬಲಗಾಲಿನಲ್ಲಿ ಅದು ಕಾಣುವುದೇ ಇಲ್ಲ, ಅಲ್ಲವೇ? ಮಲಗಿದ ಕೆಲವೇ ವಾರಗಳಲ್ಲಿ ಕರಗಿಹೋಗುವ ಆ ಸ್ನಾಯು ಮರಳಿ ತುಂಬಿಕೊಳ್ಳಲು ತಿಂಗಳುಗಳು ಬೇಕು. ಮೆಟ್ಟಿಲು ಇಳಿಯುವಾಗ ಮೊಣಕಾಲು ಕುಸಿಯುತ್ತದೆ ಎಂದು ಬರೆದಿದ್ದೆಯಲ್ಲ, ಅದಕ್ಕೆ ಮುಖ್ಯ ಕಾರಣ ಇದೇ ಇರಬೇಕು. ರಾಡನ್ನು ಮಂಡಿಚಿಪ್ಪಿನ ಹತ್ತಿರದಿಂದಲೇ ಒಳಗೆ ಇಳಿಸುವುದರಿಂದ ಮಂಡಿಯೂರಿದರೆ ಮುಂಭಾಗದಲ್ಲಿ ನೋವಾಗುವುದು ಬಹಳ ಜನರಿಗೆ ಇದ್ದದ್ದೇ. ಗಾಬರಿಯಾಗಬೇಡ, ಆದರೆ ಫಿಸಿಯೋಥೆರಪಿಸ್ಟ್‌ಗೆ ತಪ್ಪದೆ ತಿಳಿಸು.

ಇನ್ನೊಂದು ಸಂಗತಿಯನ್ನು ನೀನು ಗಮನಿಸಿದ್ದೀಯೋ ಇಲ್ಲವೋ. ಮುಂದಿನ ಬ್ರೇಕ್ ಹಿಡಿಯುವುದು ಬಲಗೈ, ಹಿಂದಿನ ಬ್ರೇಕ್ ಒತ್ತುವುದು ಬಲಗಾಲು. ನಿನಗೆ ಮುರಿದಿರುವುದು ಬಲ ಮಣಿಕಟ್ಟು, ಬಲಗಾಲು. ಎರಡು ಬ್ರೇಕುಗಳೂ ಪೆಟ್ಟು ತಿಂದ ಕಡೆಗೇ ಇವೆ. ಗೆಳೆಯರಿಗೆ ಇದನ್ನೇ ಹೇಳು. ಕಾಲಿನ ಮೇಲೆ ಭಾರ ಹಾಕಿ ನಡೆಯಲು ಶುರು ಮಾಡಿದ ಮೇಲೂ ತಟ್ಟನೆ ಬ್ರೇಕ್ ಒತ್ತುವ ವೇಗ ಮೊದಲಿನಂತಾಗಲು ಇನ್ನೂ ಹಲವು ವಾರ ಹಿಡಿಯುತ್ತದೆ. ನಡೆಯಬಲ್ಲೆ ಎಂದ ಮಾತ್ರಕ್ಕೆ ಗಾಡಿ ನಿಲ್ಲಿಸಬಲ್ಲೆ ಎಂದು ತಿಳಿಯಬೇಡ. ನನ್ನ ಬಳಿ ಬರುತ್ತಿದ್ದ ಹುಡುಗನೊಬ್ಬ ಅವಸರಪಟ್ಟು ಗಾಡಿ ತೆಗೆದ. ಅವನು ಬಿದ್ದದ್ದು ಓಡಿಸುವಾಗಲ್ಲ, ಸಿಗ್ನಲ್‌ನಲ್ಲಿ ನಿಲ್ಲಿಸಿದಾಗ. ಗಾಡಿ ಸ್ವಲ್ಪ ವಾಲಿತು, ಕಾಲು ಊರಿದ, ಆ ಕಾಲಿಗೆ ಗಾಡಿಯ ತೂಕ ತಡೆಯುವ ತ್ರಾಣವಿರಲಿಲ್ಲ.

ಮನಸ್ಸಿನ ವಿಷಯ ಇದಕ್ಕಿಂತ ಸೂಕ್ಷ್ಮ. ಹಾರ್ನ್ ಕೇಳಿದರೆ ಬೆಚ್ಚಿಬೀಳುತ್ತೇನೆ, ಆ ನಾಲ್ಕು ದಾರಿ ಕೂಡುವ ಜಾಗ ಕನಸಿನಲ್ಲಿ ಬರುತ್ತದೆ, ಆದರೆ ಡಿಕ್ಕಿಯಾದ ಕ್ಷಣ ಮಾತ್ರ ಎಷ್ಟು ತಿಣುಕಿದರೂ ನೆನಪಾಗುವುದಿಲ್ಲ ಎಂದಿದ್ದೀಯೆ. ಆ ನೆನಪಿಗಾಗಿ ತಡಕಾಡಬೇಡ. ತಲೆಗೆ ಪೆಟ್ಟು ಬಿದ್ದಾಗ ಎಷ್ಟೋ ಸಲ ಆ ಹೊತ್ತಿನ ನೆನಪು ಮಿದುಳಿನಲ್ಲಿ ದಾಖಲಾಗಿಯೇ ಇರುವುದಿಲ್ಲ. ಬೆಚ್ಚುವುದು, ಕೆಟ್ಟ ಕನಸು, ಸಿಡುಕು ಎಲ್ಲವೂ ಮೊದಲ ವಾರಗಳಲ್ಲಿ ಸಹಜ, ಹೆಚ್ಚಿನವರಲ್ಲಿ ತಾವಾಗಿಯೇ ಇಳಿಯುತ್ತವೆ. ತಿಂಗಳು ದಾಟಿದರೂ ಅಷ್ಟೇ ಜೋರಾಗಿದ್ದರೆ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಬೇಕು. ಇದಕ್ಕೆಂದೇ ಪರೀಕ್ಷಿತವಾದ ಮಾತಿನ ಚಿಕಿತ್ಸೆಗಳಿವೆ. ಭಯ ಹುಟ್ಟಿಸುವ ನೆನಪಿನ ಬಳಿಗೆ, ಸುರಕ್ಷಿತವಾದ ಕೋಣೆಯಲ್ಲಿ ಕುಳಿತು, ಸ್ವಲ್ಪಸ್ವಲ್ಪವಾಗಿ ಕರೆದೊಯ್ಯುತ್ತಾರೆ. ಕಾಲಿಗೆ ರಾಡ್ ಹಾಕಿಸಿಕೊಂಡವಳು ಇದಕ್ಕೆ ನಾಚಿಕೊಳ್ಳಬೇಕಾದ್ದೇನೂ ಇಲ್ಲ.

ಬೈಕ್ ಬಿಡುವುದಾದರೂ ಈ ಚಿಕಿತ್ಸೆ ಬೇಕೇ ಎಂದು ನೀನು ಕೇಳಬಹುದು. ಆಗಲೇ ಹೆಚ್ಚು ಬೇಕು. ಭಯ ಹೇಳಿದಂತೆ ಕೇಳಿ ಬೈಕ್ ಬಿಟ್ಟರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ನಾಳೆ ಆ ರಸ್ತೆ ಬೇಡ ಎನ್ನುತ್ತದೆ, ನಾಡಿದ್ದು ಕಾರಿನ ಮುಂದಿನ ಸೀಟು ಬೇಡ ಎನ್ನುತ್ತದೆ. ಮೊದಲು ಭಯಕ್ಕೆ ಮದ್ದಾಗಲಿ. ಅದು ಇಳಿದ ಮೇಲೂ ಬೈಕ್ ಬೇಡ ಅನ್ನಿಸಿದರೆ, ಆ ‘ಬೇಡ’ ನಿನ್ನದೇ.

ಅಪಘಾತದಲ್ಲಿ ನಿನ್ನ ತಪ್ಪೇನೂ ಇರಲಿಲ್ಲ ಎಂದು ಪೊಲೀಸರೂ ಹೇಳಿದ್ದಾರೆ, ನೀನೂ ಮೂರು ಸಲ ಬರೆದಿದ್ದೀಯೆ. ಎದುರಿನಿಂದ ಬಂದ ಕಾರು ನಿನ್ನ ದಾರಿಗೆ ಅಡ್ಡ ತಿರುಗಿತು. ನಿಜ. ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ. ಅಮೆರಿಕದಲ್ಲಿ ಹ್ಯಾರಿ ಹರ್ಟ್ ಎಂಬ ಸಂಶೋಧಕರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತಲಿನ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಬೇರೆ ವಾಹನದೊಡನೆ ಆದ ಡಿಕ್ಕಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಆ ಇನ್ನೊಂದು ವಾಹನದವರು ಬೈಕಿಗೆ ದಾರಿ ಬಿಡದೆ ಅಡ್ಡ ಬಂದದ್ದರಿಂದ ಆದವು. ಬೈಕನ್ನು ನೋಡಲೇ ಇಲ್ಲ ಎಂಬುದೇ ಹೆಚ್ಚಿನವರ ಮಾತಾಗಿತ್ತು. ತಪ್ಪಿಸಿಕೊಳ್ಳಲು ಸವಾರರಿಗೆ ಸಿಗುತ್ತಿದ್ದ ಸಮಯ ಸಾಮಾನ್ಯವಾಗಿ ಎರಡು ಸೆಕೆಂಡಿಗೂ ಕಡಿಮೆ. ಆ ಗಾಬರಿಯಲ್ಲಿ ಬಹಳ ಮಂದಿ ಹಿಂದಿನ ಬ್ರೇಕನ್ನು ಅತಿಯಾಗಿ ಒತ್ತಿ, ಮುಂದಿನದನ್ನು ಸಾಕಷ್ಟು ಹಿಡಿಯದೆ ಹೋಗಿದ್ದರು.

ನಿನಗೆ ಆದದ್ದು ವಿಚಿತ್ರವಾದ ದುರದೃಷ್ಟವಲ್ಲ, ಬೈಕ್ ಸವಾರರಿಗೆ ಅತಿ ಹೆಚ್ಚಾಗಿ ಆಗುವ ಅಪಘಾತವೇ. ಮತ್ತೆ ಓಡಿಸಿದರೆ ನಿನ್ನನ್ನು ನೋಡದೆ ತಿರುಗುವ ಇನ್ನೊಂದು ಕಾರು ಖಂಡಿತ ಎದುರಾಗುತ್ತದೆ. ಆ ಅಪಾಯದಲ್ಲಿ ಒಂದಷ್ಟನ್ನು ನೀನು ತಗ್ಗಿಸಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತೀಯೆ, 40ರಲ್ಲಿ 11 ಮೀಟರ್. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಮಡಿಯಾಗುತ್ತದೆ. ರಸ್ತೆ ಕೂಡುವ ಜಾಗ ಬರುವ ಮೊದಲೇ ವೇಗ ಇಳಿಸಿ, ಬೆರಳುಗಳನ್ನು ಬ್ರೇಕಿನ ಮೇಲಿಟ್ಟುಕೊಂಡು, ತಿರುಗಲು ಕಾಯುತ್ತಿರುವ ಕಾರಿನ ಮುಂದಿನ ಚಕ್ರದ ಮೇಲೆ ಕಣ್ಣಿಡುವುದನ್ನು ಕಲಿಯಬೇಕು. ಚಾಲಕ ನಿನ್ನತ್ತ ನೋಡಿದ ಎಂದು ನಂಬಬೇಡ, ಕಣ್ಣು ನೆಟ್ಟೂ ಕಾಣದವರಿದ್ದಾರೆ. ಚಕ್ರ ಅಲುಗಿತೆಂದರೆ ಕಾರು ಹೊರಟಿತು ಎಂದೇ ಅರ್ಥ. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಇರುವ ಗಾಡಿಯನ್ನೇ ಆರಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ನಿನ್ನ ಕೈಯಲ್ಲಿಲ್ಲದ ಒಂದು ಪಾಲು ಉಳಿಯುತ್ತದೆ. ಓಡಿಸಲೇ ಬಿಡಲೇ ಎಂಬ ಪ್ರಶ್ನೆ ಕೊನೆಗೆ ಬಂದು ನಿಲ್ಲುವುದು ಅಲ್ಲಿಯೇ. ತಪ್ಪು ನನ್ನದಲ್ಲದಿದ್ದರೂ ಪೆಟ್ಟು ನನ್ನದೇ ಆಗಬಹುದು ಎಂಬುದನ್ನು ಪೂರ್ತಿ ತಿಳಿದು, ಆದರೂ ಈ ಸವಾರಿ ನನಗೆ ಬೇಕು ಎನ್ನಬಲ್ಲೆಯಾ? ಹೌದು ಎಂದರೂ ಇಲ್ಲ ಎಂದರೂ ನಾನು ಒಪ್ಪುತ್ತೇನೆ. ಆದರೆ ಈ ಪ್ರಶ್ನೆಗೆ ಮುಖಾಮುಖಿಯಾಗದೆ ಹತ್ತಿದರೆ ಒಪ್ಪುವುದಿಲ್ಲ.

ಹೆಲ್ಮೆಟ್ ಬಗ್ಗೆ ಎರಡು ಮಾತು. ಅಪ್ಪ ಅದನ್ನು ಒರೆಸಿ ಕಪಾಟಿನಲ್ಲಿ ಇಟ್ಟಿದ್ದಾರೆ, ಹೊರಗೆ ಗೀರು ಬಿಟ್ಟರೆ ಏನೂ ಆಗಿಲ್ಲ ಎಂದು ಬರೆದಿದ್ದೀಯೆ. ಅದನ್ನು ಇನ್ನು ಯಾರೂ ಹಾಕಿಕೊಳ್ಳಬಾರದು. ಒಳಗಿನ ಥರ್ಮೋಕೋಲ್ ಪದರ ತಾನು ಜಜ್ಜಿಹೋಗಿ ಪೆಟ್ಟನ್ನು ಹೀರಿಕೊಳ್ಳುತ್ತದೆ. ಒಮ್ಮೆ ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ, ಹೊರಗಿನಿಂದ ಕಾಣುವುದೂ ಇಲ್ಲ. 1935ರ ಮೇ ತಿಂಗಳಲ್ಲಿ ‘ಅರೇಬಿಯಾದ ಲಾರೆನ್ಸ್’ ಎಂದು ಹೆಸರಾದ ಬ್ರಿಟಿಷ್ ಸೇನಾಧಿಕಾರಿ ಟಿ. ಇ. ಲಾರೆನ್ಸ್ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಆರು ದಿನಗಳ ಬಳಿಕ ತೀರಿಕೊಂಡರು, ಹೆಲ್ಮೆಟ್ ಇರಲಿಲ್ಲ. ಅವರನ್ನು ಕಂಡ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕರಿದ್ದರು. ಸೇನೆಯ ಬೈಕ್ ಸವಾರರ ತಲೆಪೆಟ್ಟುಗಳನ್ನು ಅವರು ಅಧ್ಯಯನ ಮಾಡಿ 1941ರಲ್ಲಿ ಪ್ರಕಟಿಸಿದ ಲೇಖನ ಹೆಲ್ಮೆಟ್ಟಿನ ಪರವಾಗಿ ಬಂದ ಮೊದಲ ಗಟ್ಟಿ ಸಾಕ್ಷ್ಯಗಳಲ್ಲೊಂದು. ಹೆಲ್ಮೆಟ್ ಸಾವಿನ ಅಪಾಯವನ್ನು ಶೇ. 42ರಷ್ಟು, ತಲೆಗೆ ಪೆಟ್ಟಾಗುವ ಅಪಾಯವನ್ನು ಶೇ. 69ರಷ್ಟು ತಗ್ಗಿಸುತ್ತದೆ ಎಂದು ಆಮೇಲಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ್ದಾರೆ. ನೀನು ನನಗೆ ಪತ್ರ ಬರೆಯುವಂತೆ ಉಳಿದದ್ದು ಆ ಪದರದಿಂದ ಎಂದು ನಾನು ನಂಬಿದ್ದೇನೆ. ಅಪ್ಪನಿಗೆ ಹೇಳು, ಅದನ್ನು ಒಡೆದು ಎಸೆಯಲಿ.

ಅಮ್ಮನ ಮೇಲೆ ರೇಗಬೇಡ. ನಿನಗೆ ನೆನಪಿಲ್ಲದ ಆ ಸಂಜೆಯೆಲ್ಲ ಅವಳಿಗೆ ನೆನಪಿದೆ. ಫೋನ್ ಬಂದದ್ದು, ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ನಿನ್ನ ಹರಿದ ಬಟ್ಟೆಯ ಚೀಲ ಹಿಡಿದು ಕುಳಿತದ್ದು, ಎಲ್ಲವೂ. ಅವಳಿಗೆ ಈಗ ಬೇಕಿರುವುದು ವಾದವಲ್ಲ, ಮುಚ್ಚಿಟ್ಟು ಏನೂ ಮಾಡುವುದಿಲ್ಲ ಎಂಬ ನಿನ್ನ ಮಾತು. ಕದ್ದು ಗಾಡಿ ಹತ್ತುವುದಿಲ್ಲ ಎಂಬ ಒಂದು ಭಾಷೆಯನ್ನು ಕೊಡು. ಯಾವ ಮಾತನ್ನೂ ಕೊಡಬೇಡ ಎಂದೆನಲ್ಲ, ಇದೊಂದನ್ನು ಬಿಟ್ಟು. ‘ಹೆಣ್ಣುಮಕ್ಕಳಿಗೆ ಬೈಕ್ ಯಾಕೆ’ ಎಂದು ಮೂಗು ಮುರಿಯುವವರಿಗೆ ಉತ್ತರ ಕೊಡಲಿಕ್ಕೂ ಹತ್ತಬೇಡ. ಅವರ ಬಾಯಿ ಮುಚ್ಚಿಸಲು ನಿನ್ನ ಕಾಲನ್ನು ಪಣಕ್ಕಿಡುವಷ್ಟು ದೊಡ್ಡವರಲ್ಲ ಅವರು.

ಓಡಿಸಬೇಕು ಎಂದೇ ಮುಂದೆ ತೀರ್ಮಾನಿಸಿದರೆ, ವೈದ್ಯರು ಒಪ್ಪಿದ ಮೇಲೆ, ತರಬೇತುದಾರರ ಬಳಿ ಹೊಸಬಳಂತೆ ಶುರು ಮಾಡು. ಮೊದಲು ಎಂಜಿನ್ ಹಚ್ಚದೆ ಸ್ಟ್ಯಾಂಡ್ ತೆಗೆದ ಗಾಡಿಯ ಮೇಲೆ ಕುಳಿತು ಎರಡೂ ಬದಿಗೆ ತುಸು ವಾಲಿಸಿ ಕಾಲಿನಲ್ಲಿ ತಡೆದು ನೋಡು, ಯಾರಾದರೂ ಪಕ್ಕದಲ್ಲಿ ಹಿಡಿದುಕೊಂಡಿರಲಿ. ಆಮೇಲೆ ಖಾಲಿ ಮೈದಾನದಲ್ಲಿ ತಟ್ಟನೆ ನಿಲ್ಲಿಸುವ ಅಭ್ಯಾಸ, ಮತ್ತೆ ಮತ್ತೆ, ಎರಡೂ ಬ್ರೇಕು ಕೂಡಿ. ಬೇಡ ಎಂದು ತೀರ್ಮಾನಿಸಿದರೆ ಬೈಕನ್ನು ಅಪ್ಪನ ಕೈಯಲ್ಲಿ ಮಾರಿಸಬೇಡ, ನೀನೇ ಮಾರು. ನಿನ್ನ ಗಾಡಿಯ ಕೀಲಿಯನ್ನು ನೀನೇ ಕೊಟ್ಟರೆ, ಯಾರೋ ಕಿತ್ತುಕೊಂಡರು ಎಂಬ ಕೊರಗು ಉಳಿಯುವುದಿಲ್ಲ.

ಮುಂದಿನ ಎಕ್ಸ್‌ರೇ ಆದ ಮೇಲೆ ಬೆಸುಗೆ ಎಷ್ಟು ಬೆಳೆದಿದೆ ಎಂದು ಕೇಳಿ ತಿಳಿದು ಬರೆ. ಮೊಣಕಾಲು ಎಷ್ಟು ಡಿಗ್ರಿ ಮಡಚುತ್ತದೆ, ಪಾದ ಮೇಲಕ್ಕೆ ಎಷ್ಟು ಬಾಗುತ್ತದೆ ಎಂಬುದನ್ನೂ ಅಳೆಯಿಸಿ ಬರೆ. ಮಣಿಕಟ್ಟಿನ ಪಟ್ಟಿ ಬಿಚ್ಚಿದ ಕೂಡಲೇ ಭಾರ ಎತ್ತಬೇಡ. ಟವೆಲ್ಲಿನ ವ್ಯಾಯಾಮವನ್ನು ಇವತ್ತೇ ಶುರು ಮಾಡು.

ಇತಿ ನಿನ್ನ
ದೊಡ್ಡಮ್ಮ