ನೊಂದವರ ಕೈಗೂ ಕೆಲಸ ಕೊಡಿ

ಮಾನ್ಯ ಸಂಪಾದಕರೇ,

ಮನೆಮಂದಿಯನ್ನು ಕಳೆದುಕೊಂಡವರಿಗೆ ಪರಿಹಾರ ಶಿಬಿರದಲ್ಲಿ ಕೆಲಸ ಹಚ್ಚುವುದು ನಿರ್ದಯ, ಅವರನ್ನು ಸುಮ್ಮನೆ ಕೂರಲು ಬಿಡಬೇಕು ಎಂದು ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದರು. ಅವರ ಮರುಕ ನನಗೆ ಅರ್ಥವಾಗುತ್ತದೆ. ಆದರೆ ಹಾಗೆ ಸುಮ್ಮನೆ ಕುಳಿತವಳು ನಾನು. ಆ ದಿನಗಳು ಹೇಗಿದ್ದವು ಎಂಬುದನ್ನು ಹೇಳಲೇಬೇಕೆನಿಸಿತು.

ನನ್ನ ತವರು ಆಳಂದ ತಾಲ್ಲೂಕು. ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾ ತಾಲ್ಲೂಕಿನ ಊರಿಗೆ ನನ್ನನ್ನು ಕೊಟ್ಟಿದ್ದರು. 1993ರ ಸೆಪ್ಟೆಂಬರ್ 29, ಅನಂತ ಚತುರ್ದಶಿ. ಗಣಪತಿಯನ್ನು ಕಳುಹಿಸಿ ಬಂದ ಊರು ತಡವಾಗಿ ಮಲಗಿತ್ತು. ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ನೆಲ ನಡುಗಿತು. ಆ ಸೀಮೆಯ ಮನೆಗಳೆಂದರೆ ಮಣ್ಣಿನಲ್ಲಿ ಕೂಡಿಸಿದ ಕಲ್ಲಿನ ದಪ್ಪ ಗೋಡೆ, ಮೇಲೆ ಮರದ ತೊಲೆ, ಅದರ ಮೇಲೆ ಮೊಳದಷ್ಟು ಮಣ್ಣಿನ ಮಾಳಿಗೆ. ಬೇಸಿಗೆಗೆ ತಂಪು ಎಂದು ಹಿರಿಯರು ಹೊಗಳುತ್ತಿದ್ದ ಅದೇ ಮಣ್ಣು ಮೈಮೇಲೆ ಕುಸಿಯಿತು. ಲಾತೂರ್ ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು 10,000 ಜನ ಸತ್ತರು. ನಮ್ಮ ಮನೆಯಲ್ಲಿ ನನ್ನ ಅತ್ತೆ, ನಾಲ್ಕು ವರ್ಷದ ನನ್ನ ಮಗ. ಗಂಡ ಸೊಲ್ಲಾಪುರದಲ್ಲಿ ದುಡಿಯುತ್ತಿದ್ದರು. ನಾನು ಬಾಗಿಲ ಚೌಕಟ್ಟಿನ ಕೆಳಗೆ ಸಿಕ್ಕಿಕೊಂಡು ಉಳಿದೆ.

ಆಮೇಲೆ ಮಳೆ ಹಿಡಿಯಿತು. ಲಾರಿಗಳು ಬಂದವು, ಕಂಬಳಿ ಬಂದವು, ಯಾರೋ ಉಟ್ಟು ಬಿಟ್ಟ ಸೀರೆಗಳು ಬಂದು ರಸ್ತೆಯ ಕೆಸರಿನಲ್ಲಿ ಬಿದ್ದವು. ನಮಗೆ ತಗಡಿನ ಶೆಡ್ ಹಾಕಿಕೊಟ್ಟರು. ಉಪಕಾರ ಮಾಡಿದವರನ್ನು ನಾನು ಮರೆತಿಲ್ಲ. ಆದರೆ ಸೂರ್ಯ ಹುಟ್ಟುವ ಮೊದಲೇ ರೊಟ್ಟಿ ಬಡಿದು ಹೊಲಕ್ಕೆ ಹೋಗುತ್ತಿದ್ದ ಹೆಣ್ಣುಮಕ್ಕಳು ನಾವು. ಊಟದ ಗಾಡಿಗೆ ಕಾಯುವುದು, ಕೈ ಒಡ್ಡುವುದು, ಮತ್ತೆ ಬಂದು ಕೂರುವುದು, ಇಷ್ಟೇ ದಿನಚರಿಯಾಯಿತು. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ: ನಿಮ್ಮ ಮನೆಯಲ್ಲಿ ಎಷ್ಟು ಮಂದಿ ಹೋದರು? ದಿನಕ್ಕೆ ನಾಲ್ಕು ಸಲ ಹೇಳಿದ್ದೂ ಉಂಟು. ಹೇಳಿದಾಗಲೆಲ್ಲ ಮಗ ಮತ್ತೊಮ್ಮೆ ಹೋದಂತಾಗುತ್ತಿತ್ತು. ನಡೆದದ್ದನ್ನು ಹೇಳುವಂತೆ ನೊಂದವರನ್ನು ಒತ್ತಾಯಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2011ರ ಕೈಪಿಡಿಯಲ್ಲಿಯೇ ಇದೆ ಎಂದು ಎಷ್ಟೋ ವರ್ಷಗಳ ನಂತರ ತರಬೇತಿಯೊಂದರಲ್ಲಿ ಕೇಳಿದಾಗ ನನಗೆ ಅಳು ತಡೆಯಲಾಗಲಿಲ್ಲ.

ಪಕ್ಕದ ಶೆಡ್ಡಿನಲ್ಲಿ ಊರ ಸೂಲಗಿತ್ತಿ ಅಜ್ಜಿ ಇದ್ದರು. ಅವರ ಮನೆಯಲ್ಲಿ ಐದು ಜನ ತೀರಿಕೊಂಡಿದ್ದರು. ಒಂದು ದಿನ ಅವರು ಏಳೆಂಟು ಮಕ್ಕಳನ್ನು ನನ್ನ ಮುಂದೆ ಕೂರಿಸಿ, ‘ತಂಗೀ, ನಾನು ಬಾಣಂತಿಯನ್ನು ನೋಡಿ ಬರುವವರೆಗೆ ಇವರ ಮೇಲೆ ಕಣ್ಣಿಡು’ ಎಂದರು. ಅದರಲ್ಲಿ ಒಬ್ಬನಿಗೆ ನನ್ನ ಮಗನದೇ ವಯಸ್ಸು. ನಾನು ಎದ್ದು ಓಡಿಹೋದೆ. ಅಜ್ಜಿ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮರುದಿನ ಮತ್ತೆ ಕೂರಿಸಿದರು. ಮೂರನೆಯ ದಿನ ಆ ಹುಡುಗನ ಮೂಗು ಒರೆಸಿದೆ. ಅಂದು ರಾತ್ರಿ ಹಸಿವಾಯಿತು. ಎಷ್ಟೋ ದಿನಗಳ ಮೇಲೆ ಹಸಿವು ಎಂಬುದು ಗೊತ್ತಾಯಿತು.

ಕೆಲಸದಿಂದ ದುಃಖ ಹೋಯಿತು ಎಂದು ನಾನು ಹೇಳುತ್ತಿಲ್ಲ. ಅದು ಹೋಗಿಲ್ಲ. ನನ್ನ ಗಂಡನಿಗಂತೂ ಯಾವ ಕೆಲಸವೂ ಹತ್ತಲಿಲ್ಲ. ಅವರು ಆ ರಾತ್ರಿ ಊರಿನಲ್ಲಿ ಇರಲಿಲ್ಲ ಎಂಬ ಕೊರಗಿನಲ್ಲೇ ಕುಡಿತಕ್ಕೆ ಬಿದ್ದು ಮುಗಿದರು. ಅಂಥವರಿಗೆ ವೈದ್ಯರೇ ಬೇಕು. ಆಗ ನಮಗೆ ಆ ದಾರಿ ತಿಳಿದಿರಲಿಲ್ಲ. ಈಗ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಮುಂದೆ ನಾನು ನಾದಿನಿಯ ಊರಿನಲ್ಲಿ ನೆಲೆಸಿದೆ. ಅಲ್ಲಿ ಮನೆಗಳು ಬಿದ್ದಿರಲಿಲ್ಲ, ಬಿರುಕು ಬಿಟ್ಟಿದ್ದವು. ಪೂರ್ತಿ ನೆಲಸಮವಾದ ಊರುಗಳನ್ನು ಸರ್ಕಾರ ಬೇರೆಡೆ ಕಟ್ಟಿಸಿತು. ಉಳಿದ ಊರುಗಳಲ್ಲಿ ಕಂತಿನ ಹಣ ಪಡೆದು ಮನೆಯವರೇ ದುರಸ್ತಿ ಮಾಡಿಸಿಕೊಳ್ಳಬೇಕಿತ್ತು. ಸ್ವಯಂ ಶಿಕ್ಷಣ ಪ್ರಯೋಗ್ ಎಂಬ ಸಂಸ್ಥೆಯ ಮೂಲಕ ಆಯಾ ಊರಿನ ಹೆಣ್ಣುಮಕ್ಕಳನ್ನೇ ‘ಸಂವಾದ ಸಹಾಯಕ’ರನ್ನಾಗಿ ತೆಗೆದುಕೊಂಡರು. ನಾನೂ ಸೇರಿದೆ. ಮಾಳಿಗೆಯ ಮಣ್ಣನ್ನು ಇಳಿಸಬೇಕು, ಗೋಡೆಯ ಒಳಮೈ ಹೊರಮೈ ಎರಡನ್ನೂ ಹಿಡಿದು ನಿಲ್ಲಿಸುವ ಕಟ್ಟುಗಲ್ಲು ಕೂರಿಸಬೇಕು, ಬಾಗಿಲ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಕಬ್ಬಿಣದ ಸರಳಿನ ಪಟ್ಟಿ ಓಡಬೇಕು. ಇದನ್ನೆಲ್ಲ ಕಲಿತು ಮನೆಮನೆಗೆ ಹೋಗಿ ಹೇಳಿದೆವು. ಗೌಂಡಿಗಳು ಮೊದಲು ನಕ್ಕರು, ಆಮೇಲೆ ಅವರೇ ಕರೆದು ತೋರಿಸತೊಡಗಿದರು. ನನ್ನ ಮಗನನ್ನು ಕೊಂದ ಗೋಡೆಯ ಗುಟ್ಟು ನನ್ನ ಕೈಗೆ ಬಂದಿತ್ತು. ಇನ್ನೊಂದು ಮನೆಯಲ್ಲಿ ಹಾಗಾಗದಂತೆ ನಿಂತು ನೋಡುವಾಗ ನನ್ನೊಳಗೆ ಏನೋ ಗಟ್ಟಿಯಾಗುತ್ತಿತ್ತು. ಅದಕ್ಕೆ ಬೇರೆ ಹೆಸರು ನನಗೆ ತಿಳಿಯದು.

ಒಂದು ಮಾತನ್ನು ಮುಚ್ಚಿಡಬಾರದು. ಒಂದು ಹಂತದಲ್ಲಿ ನಾನು ಬಿಡುವೇ ಇಲ್ಲದೆ ಓಡಾಡತೊಡಗಿದೆ. ಮನೆಗೆ ಹೋದರೆ ನೆನಪು ಬರುತ್ತದೆಂಬ ಹೆದರಿಕೆ. ಗಣಪತಿ ಹಬ್ಬ ಬಂತೆಂದರೆ ನಿದ್ದೆ ಹಾರುತ್ತಿತ್ತು. ಒಂದು ವರ್ಷ ಸಭೆಯ ನಡುವೆಯೇ ಕುಸಿದುಬಿದ್ದೆ. ಜೊತೆಯ ಹೆಣ್ಣುಮಕ್ಕಳು ತಿಂಗಳು ತವರಿಗೆ ಕಳುಹಿಸಿದರು. ಕೆಲಸ ಕೊಡುವವರು ರಜೆಯನ್ನೂ ಕೊಡಬೇಕು.

2001ರ ಜನವರಿ 26ರಂದು ಗುಜರಾತಿನಲ್ಲಿ ಭೂಕಂಪವಾದ ಮೇಲೆ ನಮ್ಮ ಕಡೆಯ ಹೆಣ್ಣುಮಕ್ಕಳು ಕಚ್ಛಿಗೆ ಹೋದರು. ಆ ಗುಂಪಿನಲ್ಲಿ ನಾನೂ ಇದ್ದೆ. ಅಂಜಾರ್‌ನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ ಶಾಲಾ ಮಕ್ಕಳ ಮೇಲೆ ಓಣಿಯ ಕಟ್ಟಡಗಳು ಉರುಳಿದ್ದವು. ಆ ಓಣಿಯೊಳಗೆ ನನ್ನ ಕಾಲು ಹೋಗಲಿಲ್ಲ. ಭಚಾವ್ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬಾಕೆ ಯಾರೊಂದಿಗೂ ಮಾತನಾಡುತ್ತಿರಲಿಲ್ಲ. ನನಗೆ ಗುಜರಾತಿ ಬಾರದು, ಹರಕು ಹಿಂದಿ. ಆಕೆಯ ಪಕ್ಕದಲ್ಲಿ ಕುಳಿತು ಕಾಳು ಆರಿಸಿದೆ. ಎರಡನೆಯ ದಿನ ಆಕೆಯೇ ಕೇಳಿದಳು: ‘ನಿನಗೆ ಎಷ್ಟು ದಿನಕ್ಕೆ ಚಾವಣಿಯ ಕೆಳಗೆ ನಿದ್ದೆ ಬಂತು?’ ಮೂರು ವರ್ಷ ಎಂದೆ. ಅವಳ ಮುಖ ಸಡಿಲವಾಯಿತು. ಮೂರು ವರ್ಷವಾದರೂ ಸರಿ, ಬರುತ್ತದಲ್ಲ! ಆಮೇಲೆ ಅವಳು ಮೊರ ಎಳೆದುಕೊಂಡು ಕಾಳು ಆರಿಸತೊಡಗಿದಳು. ಆ ಪ್ರಶ್ನೆಯನ್ನು ಅವಳು ಓದಿದವರ ಬಳಿ ಕೇಳುತ್ತಿರಲಿಲ್ಲ.

ಇದು ನಮ್ಮ ಕಲಬುರಗಿ ಜಿಲ್ಲೆಗೂ ಬೇಕಾದ ಮಾತು. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಮೇಲಿಂದ ಮೇಲೆ ನೆಲ ಗುಡುಗಿ ಜನ ಊರು ಬಿಟ್ಟಿದ್ದು ಓದುಗರಿಗೆ ನೆನಪಿರಬಹುದು. ನಾನು ಹೋಗಿದ್ದೆ. ಏನೂ ಆಗುವುದಿಲ್ಲ ಎಂದು ಧೈರ್ಯ ಹೇಳುವಂತೆ ಕೆಲವರು ಕೇಳಿದರು. ನನ್ನಿಂದ ಆಗಲಿಲ್ಲ. 1993ರ ಭೂಕಂಪದ ಕೇಂದ್ರವಾಗಿದ್ದ ಕಿಲ್ಲಾರಿಯ ಸುತ್ತಲೂ 1992ರಿಂದಲೇ ಸಣ್ಣ ಕಂಪನಗಳಾಗುತ್ತಿದ್ದವು, ನಾವು ಅದಕ್ಕೆ ಒಗ್ಗಿಹೋಗಿದ್ದೆವು. ಸಣ್ಣ ಕಂಪನಗಳೆಲ್ಲ ದೊಡ್ಡದಕ್ಕೆ ಮುನ್ಸೂಚನೆಯಲ್ಲ ಎಂದು ತಜ್ಞರು ಹೇಳುತ್ತಾರೆ, ಅದೂ ನಿಜ. ಹಾಗಾಗಿ ಬೇರೆಯದನ್ನು ಮಾಡಿದೆವು. ಯಾವ ಓಣಿಯಲ್ಲಿ ಒಂಟಿ ಮುದುಕರಿದ್ದಾರೆ, ರಾತ್ರಿ ಅವರನ್ನು ಯಾರು ಎಬ್ಬಿಸಬೇಕು ಎಂದು ಪ್ರೌಢಶಾಲೆಯ ಹುಡುಗಿಯರು ಪಟ್ಟಿ ಬರೆದರು. ಹಿಂದಿನ ರಾತ್ರಿಯೆಲ್ಲ ತಾಯಿಯ ಸೆರಗು ಬಿಡದೆ ನಡುಗಿದ್ದ ಹುಡುಗಿ ಮರುದಿನ ಆ ಪಟ್ಟಿ ಹಿಡಿದು ಇಡೀ ಓಣಿ ಸುತ್ತಿದಳು.

ಸರ್ಕಾರದ ಆಪದ ಮಿತ್ರ ಯೋಜನೆಯಲ್ಲಿ ಊರಿನ ಯುವಕರಿಗೆ ರಕ್ಷಣಾ ಕಾರ್ಯ, ಪ್ರಥಮ ಚಿಕಿತ್ಸೆ ಕಲಿಸುತ್ತಾರೆ. ಅದಕ್ಕೆ ನಡುವಯಸ್ಸಿನ ಹೆಣ್ಣುಮಕ್ಕಳನ್ನೂ ಸೇರಿಸಿ, ಪಕ್ಕದಲ್ಲಿ ಕುಳಿತು ಕೇಳುವುದನ್ನೂ ಕಲಿಸಿ ಎಂಬುದು ಜಿಲ್ಲಾಡಳಿತಕ್ಕೆ ನನ್ನ ವಿನಂತಿ. ಬೆಂಗಳೂರಿನ ನಿಮ್ಹಾನ್ಸ್‌ನವರು ಗುಜರಾತಿನಲ್ಲಿ ಊರಿನ ಕಾರ್ಯಕರ್ತರಿಗೇ ಇಂಥ ತರಬೇತಿ ಕೊಟ್ಟವರು. ನಮ್ಮ ರಾಜ್ಯದಲ್ಲೇ ಇದ್ದಾರೆ. ಶಿಬಿರ ತೆರೆದ ಮೊದಲ ವಾರದಲ್ಲೇ ಅಡುಗೆ, ಮಕ್ಕಳ ಆರೈಕೆ, ಸಾಮಾನಿನ ಲೆಕ್ಕವನ್ನು ಅಲ್ಲಿರುವವರಲ್ಲಿ ಬೇಕೆಂದವರಿಗೆ ಒಪ್ಪಿಸಿ. ಬೇಡವೆಂದವರನ್ನು ಬಲವಂತ ಮಾಡಬೇಡಿ, ಮರುದಿನ ಮತ್ತೊಮ್ಮೆ ಕೇಳಿ.

ನನಗೀಗ ಅರವತ್ತರ ಹತ್ತಿರ. ಮಂಡಿ ನೋವಿದೆ, ಆದರೆ ಕಲಬುರಗಿಗೆ ಬಂದು ಚಿಂಚೋಳಿ ಬಸ್ ಹಿಡಿಯುವ ಶಕ್ತಿ ಇದೆ. ಗಡಿಕೇಶ್ವರದ ತಾಯಂದಿರು ಮತ್ತೆ ಕರೆದರೆ ಬರುತ್ತೇನೆ.

ಇಂತಿ,
ನಿಮ್ಮ ಓದುಗಿ
ಆಳಂದ